ಸಿಸ್ಟರ್‌ಗಳ ತಾಳ್ಮೆಗೂ ಹೊತ್ತು ಬೇಕು

ಮುಂಬಯಿಯ ಪರೇಲ್‌ನಲ್ಲಿ ಕೆ.ಇ.ಎಂ., ಟಾಟಾ ಸ್ಮಾರಕ ಮತ್ತು ವಾಡಿಯಾ ಆಸ್ಪತ್ರೆಗಳು ನಡೆದು ಹೋಗುವಷ್ಟು ಹತ್ತಿರದಲ್ಲಿವೆ. ಕೊಂಕಣದಿಂದ, ಬಿಹಾರದಿಂದ, ನಮ್ಮ ಕರ್ನಾಟಕದಿಂದಲೂ ರೋಗಿಗಳು ಅಲ್ಲಿಗೆ ಬರುತ್ತಾರೆ. ಜೊತೆಗೆ ಬಂದವರ ದುಡ್ಡು ಕರಗಿರುತ್ತದೆ, ನಿದ್ದೆ ಕೆಟ್ಟಿರುತ್ತದೆ. ವೈದ್ಯರು ರೌಂಡ್ಸ್ ಮುಗಿಸಿ ಹೊರಟ ಮೇಲೆ ಈ ಬಂಧುಗಳ ಸಿಟ್ಟಿಗೆ ಎದುರಾಗುವವರು ವಾರ್ಡಿನ ಸಿಸ್ಟರ್. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಆರೋಗ್ಯ ಸಿಬ್ಬಂದಿಯಲ್ಲಿ ಶೇ. 8ರಿಂದ 38ರಷ್ಟು ಮಂದಿ ವೃತ್ತಿಜೀವನದಲ್ಲಿ ಒಮ್ಮೆಯಾದರೂ ದೈಹಿಕ ಹಲ್ಲೆಗೆ ಒಳಗಾಗುತ್ತಾರೆ. ಬೈಗುಳ ತಿಂದವರು ಇನ್ನೂ ಹೆಚ್ಚು. ಇದನ್ನೆಲ್ಲ ಸಹಿಸುವುದು ನರ್ಸ್‌ಗಳ ಹುಟ್ಟುಗುಣ ಎಂಬಂತೆ ನಾವು ಮಾತಾಡುತ್ತೇವೆ. ಆದರೆ ಅದು ಕಲಿತು ಮಾಡುವ ಕೆಲಸ. ಅದಕ್ಕೆ ಜನ ಬೇಕು, ಹೊತ್ತು ಬೇಕು.

ಆ ಕೆಲಸದ ಮೊದಲ ಹೆಜ್ಜೆ ಸಿಟ್ಟಿನ ಮೂಲ ಹುಡುಕುವುದು. ನಿನ್ನೆ ಶಾಂತವಾಗಿದ್ದ ರೋಗಿ ಇಂದು ಸಲೈನ್ ಕಿತ್ತೆಸೆದರೆ, ರಕ್ತದ ಸಕ್ಕರೆ ಇಳಿದಿರಬಹುದು, ಆಮ್ಲಜನಕ ಕಡಿಮೆಯಾಗಿರಬಹುದು. ಕುಡಿತದ ಚಟವಿದ್ದವರಾದರೆ ಮದ್ಯ ನಿಂತ ಎರಡು ಮೂರು ದಿನಕ್ಕೆ ಭ್ರಮೆ ಹಿಡಿಯಬಹುದು. ಅಲ್ಲಿ ಬೇಕಾದದ್ದು ಗದರಿಕೆಯಲ್ಲ, ತಪಾಸಣೆ. ಬಂಧುಗಳ ಸಿಟ್ಟಿಗೆ ಕಾರಣ ಬೇರೆ: ಒಳಗೆ ಏನಾಗುತ್ತಿದೆ ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ. ನುರಿತ ಸಿಸ್ಟರ್ ಕನಿಷ್ಠ ಎರಡು ತೋಳಿನಷ್ಟು ದೂರ ನಿಲ್ಲುತ್ತಾರೆ, ಹೊರಹೋಗುವ ಬಾಗಿಲಿಗೆ ಅಡ್ಡ ಬೀಳದಂತೆ ನೋಡಿಕೊಳ್ಳುತ್ತಾರೆ, ದನಿ ತಗ್ಗಿಸಿ ಎದುರಿನವರ ಮಾತು ಪೂರ್ತಿ ಕೇಳುತ್ತಾರೆ. ಮುಂದಿನ ಸುದ್ದಿ ಯಾವಾಗ, ಯಾರಿಂದ ಸಿಗುತ್ತದೆ ಎಂದು ಹೇಳುತ್ತಾರೆ. ಉಳಿಸಿಕೊಳ್ಳಲಾಗದ ಮಾತು ಕೊಡುವುದಿಲ್ಲ. ಕೈ ಎತ್ತುವ ಸೂಚನೆ ಕಂಡರೆ ಒಬ್ಬರೇ ನಿಲ್ಲದೆ ನೆರವು ಕರೆಯುತ್ತಾರೆ, ನಡೆದದ್ದನ್ನು ಬರೆದಿಡುತ್ತಾರೆ.

ತುಂಬಿದ ವಾರ್ಡಿನಲ್ಲಿ ಇಷ್ಟಕ್ಕೆಲ್ಲ ಪುರುಸೊತ್ತೆಲ್ಲಿ ಎಂಬ ಆಕ್ಷೇಪ ನ್ಯಾಯವಾದದ್ದೇ. ಬೋಧನಾ ಆಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ಮೂವರು ರೋಗಿಗಳಿಗೆ ಒಬ್ಬ ನರ್ಸ್ ಇರಬೇಕೆನ್ನುವುದು ಭಾರತೀಯ ಶುಶ್ರೂಷಾ ಪರಿಷತ್ತಿನ ಮಾನದಂಡ. ಅದನ್ನು ಪಾಲಿಸದೆ ತಾಳ್ಮೆಯ ಬಗ್ಗೆ ಉಪದೇಶ ಮಾಡುವುದು ಸಲ್ಲದು. ಕಾನೂನು ಮತ್ತು ಕಾವಲುಗಾರರು ಸಾಲದೇ ಎಂಬುದು ಇನ್ನೊಂದು ಪ್ರಶ್ನೆ. ಮಹಾರಾಷ್ಟ್ರದ 2010ರ ಕಾಯಿದೆ ಆಸ್ಪತ್ರೆ ಸಿಬ್ಬಂದಿಯ ಮೇಲಿನ ಹಿಂಸೆಗೆ ಮೂರು ವರ್ಷದವರೆಗೆ ಜೈಲು, 50,000 ರೂಪಾಯಿವರೆಗೆ ದಂಡ ವಿಧಿಸುತ್ತದೆ. ಆದರೂ 2017ರ ಮಾರ್ಚ್‌ನಲ್ಲಿ ಸಾಲು ಹಲ್ಲೆಗಳಿಂದ ಬೇಸತ್ತ ರಾಜ್ಯದ ನಿವಾಸಿ ವೈದ್ಯರು ಸಾಮೂಹಿಕ ರಜೆ ಹಾಕಬೇಕಾಯಿತು. ಕಾವಲು ಬೇಕೇ ಬೇಕು. ಬೇಕೆಂದೇ ಹೊಡೆಯಬಂದವನನ್ನು ಸವಿಮಾತು ತಡೆಯದು. ಆದರೆ ಕಾವಲುಗಾರ ಬರುವ ಹೊತ್ತಿಗೆ ಜಗಳ ಶುರುವಾಗಿರುತ್ತದೆ. ಅದು ಹುಟ್ಟದಂತೆ ನೋಡಿಕೊಳ್ಳುವುದು ಹೊತ್ತಿಗೆ ಸರಿಯಾಗಿ ಸಿಕ್ಕ ಮಾಹಿತಿ.

ಸೇವೆಗೆ ಬಂದವರು ಸಹಿಸಬೇಕು ಎನ್ನುವವರು ಹೊನ್ನಾವರ ತಾಲ್ಲೂಕಿನ ಹಳದೀಪುರದಿಂದ ಕೆ.ಇ.ಎಂ.ಗೆ ನರ್ಸ್ ಆಗಿ ಹೋದ ಅರುಣಾ ಶಾನಭಾಗರನ್ನು ನೆನೆಯಲಿ. 1973ರ ನವೆಂಬರ್ 27ರಂದು ಅವರ ಮೇಲೆ ದಾಳಿ ಮಾಡಿದವನು ರೋಗಿಯಲ್ಲ, ಆಸ್ಪತ್ರೆಯದೇ ನೌಕರ. ಮತ್ತೆ ಚೇತರಿಸಿಕೊಳ್ಳದ ಅವರು 2015ರ ಮೇ 18ರಂದು ತೀರಿಕೊಳ್ಳುವವರೆಗೆ ಅಲ್ಲಿನ ನರ್ಸ್‌ಗಳೇ ತಲೆಮಾರಿನಿಂದ ತಲೆಮಾರಿಗೆ ಅವರನ್ನು ನೋಡಿಕೊಂಡರು. ಆ ನರ್ಸ್‌ಗಳ ಸೇವಾಗುಣಕ್ಕೆ ಇನ್ನೊಂದು ಪುರಾವೆ ಬೇಕಿಲ್ಲ. ಸುರಕ್ಷತೆ ಒದಗಿಸುವ ಹೊಣೆ ಆಡಳಿತದ್ದು. ನಮ್ಮ ಪಾಲಿನದೂ ಸ್ವಲ್ಪ ಇದೆ. ಮನೆಯವರು ಆಸ್ಪತ್ರೆ ಸೇರಿದಾಗ ಸಿಸ್ಟರ್ ಜೊತೆ ಮಾತಾಡಲು ಕುಟುಂಬದ ಒಬ್ಬರನ್ನೇ ಗೊತ್ತುಮಾಡಿ, ಸಂದೇಹಗಳನ್ನು ಬರೆದುಕೊಂಡು ಕೇಳಿ, ದೂರಿದ್ದರೆ ಮೇಲಧಿಕಾರಿಗೆ ಲಿಖಿತವಾಗಿ ಕೊಡಿ. ಸಿಸ್ಟರ್ ಮೇಲೆ ಮಾತ್ರ ಕೈ ಎತ್ತಬೇಡಿ.