ಹೆಸರುಗಳ ಸಂತೆ



ಕೆಲವು ವರ್ಷಗಳ ಹಿಂದೆ ನಾನು ಹೈಸ್ಕೂಲು ಮಕ್ಕಳಿಗಾಗಿ ಒಂದು ವಿಜ್ಞಾನ ರಸಪ್ರಶ್ನೆ ಸರಣಿಯನ್ನು ನಿರ್ಮಿಸಿದ್ದೆ. ಉತ್ತರಗಳನ್ನು ವಿವರವಾಗಿ ಕೊಡಲು ಒಂದು ಜಾಲತಾಣ ಮಾಡಿಸಿ, ಅದರ ವಿಳಾಸವನ್ನು ಪ್ರತಿ ಕಾರ್ಯಕ್ರಮದ ಕೊನೆಗೆ ಪರದೆಯ ಮೇಲೆ ತೋರಿಸುತ್ತಿದ್ದೆವು. ಸರಣಿ ಮುಗಿಯಿತು, ನಾವೆಲ್ಲ ಬೇರೆ ಬೇರೆ ಕೆಲಸಗಳಿಗೆ ಚದುರಿದೆವು. ಎರಡು ವರ್ಷ ಕಳೆದ ಮೇಲೆ ಒಂದು ದಿನ ಹಾಸನದ ಕಡೆಯ ಹೈಸ್ಕೂಲು ಮೇಷ್ಟ್ರೊಬ್ಬರಿಂದ ದೂರವಾಣಿ ಕರೆ ಬಂತು. “ಏನ್ ಸಾರ್ ಇದು? ಮಕ್ಕಳನ್ನು ಸುತ್ತ ಕೂರಿಸಿಕೊಂಡು ನಿಮ್ಮ ವಿಳಾಸ ಹಾಕಿದೆ. ದುಡ್ಡು ಕಟ್ಟಿ ಇಸ್ಪೀಟು ಆಡಿ ಅಂತ ಬಂತಲ್ಲ! ಆ ವಿಳಾಸವನ್ನು ಶಾಲೆಯ ಗೋಡೆ ಮೇಲೆ ಬಣ್ಣದಲ್ಲಿ ಬರೆಸಿದ್ದೀನಿ ನಾನು” ಎಂದರು. ನನಗೆ ಏನು ಹೇಳಬೇಕೋ ತೋಚಲಿಲ್ಲ.

ಆದದ್ದು ಇಷ್ಟು. ತಾಣ ಮಾಡಿಕೊಟ್ಟ ಹುಡುಗ ಹೆಸರನ್ನು ತನ್ನ ಸ್ವಂತ ಮಿಂಚಂಚೆಯ ವಿಳಾಸದಲ್ಲಿ ನೋಂದಾಯಿಸಿದ್ದ. ಅವಧಿ ಮುಗಿಯುತ್ತಿದೆ, ಹಣ ಕಟ್ಟಿ ಎಂಬ ನೆನಪಿನ ಪತ್ರಗಳೆಲ್ಲ ಅವನು ಬಿಟ್ಟುಹೋದ ಅಂಚೆಪೆಟ್ಟಿಗೆಗೆ ಹೋಗಿ ಬಿದ್ದಿದ್ದವು. ಹೆಸರು ಹರಾಜಿಗೆ ಹೋಗಿ ಯಾರದೋ ಕೈ ಸೇರಿತ್ತು. ಅವರು ಅದನ್ನು ಮತ್ತೆ ಮಾರಾಟಕ್ಕೆ ಇಟ್ಟಿದ್ದರು. ನಾವು ಎಂಟುನೂರು ರೂಪಾಯಿ ಕೊಟ್ಟು ಪಡೆದಿದ್ದ ಹೆಸರಿಗೆ ಅವರು ಕೇಳಿದ ಬೆಲೆ 2,000 ಡಾಲರ್! ತಪ್ಪು ನನ್ನದೇ. ಹಣ ಯಾರ ಹೆಸರಿನಲ್ಲಿ, ಎಲ್ಲಿಯವರೆಗೆ ಕಟ್ಟಿದೆ ಎಂದು ನಿರ್ಮಾಪಕನಾದ ನಾನು ಒಮ್ಮೆಯೂ ವಿಚಾರಿಸಿರಲಿಲ್ಲ. ಅಂದಿನಿಂದ ಈ ಹೆಸರುಗಳ ವ್ಯಾಪಾರದ ಬಗ್ಗೆ ನನಗೆ ಕುತೂಹಲ ಹುಟ್ಟಿತು. ತಿಳಿದುಕೊಂಡದ್ದನ್ನು ನಿಮ್ಮೊಡನೆ ಹಂಚಿಕೊಳ್ಳುತ್ತೇನೆ.

ಅಂತರಜಾಲದಲ್ಲಿ ಗಣಕಯಂತ್ರಗಳು ಒಂದನ್ನೊಂದು ಗುರುತಿಸುವುದು ಅಂಕಿಗಳಿಂದ ಎಂಬುದು ನಿಮಗೆ ಗೊತ್ತು. ಮನುಷ್ಯರಾದ ನಮಗೆ ಅಂಕಿ ನೆನಪಿರುವುದಿಲ್ಲ, ಹೆಸರು ಬೇಕು. ಮೊದಮೊದಲು ಅಮೆರಿಕದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್ಲರ್ ಎಂಬ ಮಹಿಳೆಯ ತಂಡ ಒಂದೇ ಒಂದು ಪಟ್ಟಿಯಲ್ಲಿ ಎಲ್ಲ ಹೆಸರುಗಳನ್ನೂ ಬರೆದಿಡುತ್ತಿತ್ತು. ಯಂತ್ರಗಳು ಹೆಚ್ಚಾದಂತೆ ಪಟ್ಟಿ ಕೈಮೀರಿತು. 1983ರಲ್ಲಿ ಪಾಲ್ ಮೊಕಾಪೆಟ್ರಿಸ್ ಎಂಬ ವಿಜ್ಞಾನಿ ಈಗಿನ ವ್ಯವಸ್ಥೆಯನ್ನು ರೂಪಿಸಿದರು. ಒಂದೇ ಪಟ್ಟಿಯ ಬದಲು ಹಲವು ಪಟ್ಟಿಗಳು, ಒಂದೊಂದಕ್ಕೂ ಒಬ್ಬೊಬ್ಬ ಯಜಮಾನ. 1985ರ ಮಾರ್ಚ್ 15ರಂದು ‘ಸಿಂಬಾಲಿಕ್ಸ್ ಡಾಟ್ ಕಾಮ್’ ಎಂಬ ಹೆಸರು ನೋಂದಣಿಯಾಯಿತು. ಡಾಟ್ ಕಾಮ್ ಹೆಸರುಗಳಲ್ಲಿ ಅದೇ ಮೊದಲನೆಯದು.

ಇಲ್ಲಿ ಒಂದು ಮಾತನ್ನು ಸ್ಪಷ್ಟ ಮಾಡಿಕೊಳ್ಳಬೇಕು. ಡೊಮೇನ್ ಹೆಸರನ್ನು ‘ಕೊಂಡೆ’ ಎನ್ನುತ್ತೇವೆ, ನಿಜದಲ್ಲಿ ಅದು ಕ್ರಯವಲ್ಲ, ಗುತ್ತಿಗೆ. ಒಮ್ಮೆಗೆ ಹೆಚ್ಚೆಂದರೆ 10 ವರ್ಷಕ್ಕೆ ಹಣ ಕಟ್ಟಬಹುದು. ಮೂಲ ಪುಸ್ತಕವನ್ನು ಇಟ್ಟುಕೊಂಡವರನ್ನು ರಿಜಿಸ್ಟ್ರಿ ಎನ್ನುತ್ತಾರೆ. ಡಾಟ್ ಕಾಮ್‌ಗೆ ವೆರಿಸೈನ್ ಎಂಬ ಅಮೆರಿಕದ ಕಂಪನಿ, ನಮ್ಮ ಡಾಟ್ ಇನ್‌ಗೆ ನ್ಯಾಷನಲ್ ಇಂಟರ್ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾ. ನಮಗೂ ಅವರಿಗೂ ನಡುವೆ ನಿಂತು ಹಣ ಪಡೆದು ಹೆಸರು ಬರೆಸುವವರು ರಿಜಿಸ್ಟ್ರಾರ್‌ಗಳು. ಎಲ್ಲರ ಮೇಲೆ, ನಿಯಮ ಮಾಡುವ ಸಂಸ್ಥೆಯಾಗಿ 1998ರಲ್ಲಿ ಐಕ್ಯಾನ್ ಹುಟ್ಟಿತು. ರಿಜಿಸ್ಟ್ರಾರ್ ಎಂದರೆ ಜಮೀನಿನ ಸಬ್ ರಿಜಿಸ್ಟ್ರಾರ್ ಇದ್ದಂತೆ ಎಂದುಕೊಳ್ಳಬೇಡಿ. ಇವರು ಸರ್ಕಾರದವರಲ್ಲ, ಅಂಗಡಿಯವರು. ಅಂಗಡಿಯವರಾದ್ದರಿಂದಲೇ ನೋಂದಣಿಯ ಜೊತೆಗೆ ಹಳೆಯ ಹೆಸರುಗಳ ಸಂತೆಯನ್ನೂ ನಡೆಸುತ್ತಾರೆ.

1995ರ ಸೆಪ್ಟೆಂಬರಿನವರೆಗೆ ಹೆಸರು ನೋಂದಣಿ ಉಚಿತವಾಗಿತ್ತು ಎಂದರೆ ನೀವು ನಂಬಲಾರಿರಿ. ಆಗ ವರ್ಷಕ್ಕೆ 50 ಡಾಲರಿನ ಶುಲ್ಕ ಬಂತು. ಅದಕ್ಕೆ ಒಂದು ವರ್ಷ ಮೊದಲು, 1994ರಲ್ಲಿ, ಜೋಶುವಾ ಕ್ವಿಟ್ನರ್ ಎಂಬ ಪತ್ರಕರ್ತ ‘ಮೆಕ್‌ಡೊನಾಲ್ಡ್ಸ್ ಡಾಟ್ ಕಾಮ್’ ಎಂಬ ಹೆಸರನ್ನು ತಾನೇ ಬರೆಸಿಕೊಂಡು, ದೊಡ್ಡ ಕಂಪನಿಗಳು ಎಷ್ಟು ನಿದ್ರೆಯಲ್ಲಿವೆ ನೋಡಿ ಎಂದು ಲೇಖನ ಬರೆದರು. ಕೊನೆಗೆ ಆ ಹೋಟೆಲು ಕಂಪನಿ ನ್ಯೂಯಾರ್ಕಿನ ಒಂದು ಶಾಲೆಗೆ ಗಣಕಯಂತ್ರದ ಸಲಕರಣೆಗೆಂದು 3,500 ಡಾಲರ್ ಕೊಟ್ಟು ಹೆಸರನ್ನು ಬಿಡಿಸಿಕೊಂಡಿತು. ಕ್ವಿಟ್ನರ್ ತಮಾಷೆಗೆ ಮಾಡಿದ್ದನ್ನು ಇತರರು ದಂಧೆಯಾಗಿಯೇ ಮಾಡಿದರು. ಡೆನಿಸ್ ಟೋಪೆನ್ ಎಂಬಾತ ಕ್ಯಾಮೆರಾ ಕಂಪನಿ ಪ್ಯಾನಾವಿಷನ್‌ನ ಹೆಸರನ್ನು ಹಿಡಿದಿಟ್ಟು 13,000 ಡಾಲರ್ ಕೇಳಿದ. ಟೆಲಿವಿಷನ್ನಿನವರಿಗೆ, ಸಿನಿಮಾದವರಿಗೆ ಆ ಕಂಪನಿ ಎಂದರೆ ಏನೆಂದು ಗೊತ್ತು! 1998ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ಅವನ ವಿರುದ್ಧ ತೀರ್ಪು ಕೊಟ್ಟಿತು.

ಈಗ ಸಂತೆಗೆ ಹೋಗೋಣ. ಜರ್ಮನಿಯ ಸೆಡೊ, ಅಮೆರಿಕದ ಗೋಡ್ಯಾಡಿಯ ಒಡೆತನದಲ್ಲಿರುವ ಆಫ್ಟರ್‌ನಿಕ್ ಮೊದಲಾದವು ಇಂಥ ಸಂತೆಗಳು. ಮಾರುವವನು ತನ್ನ ಹೆಸರಿಗೆ ಖಚಿತ ಬೆಲೆ ಹಾಕಬಹುದು, ‘ನಿಮ್ಮ ಬೆಲೆ ಹೇಳಿ’ ಎಂದು ಬಿಡಬಹುದು, ಇಲ್ಲವೇ ಹರಾಜಿಗೆ ಇಡಬಹುದು. ಸರಕು ಕಣ್ಣಿಗೆ ಕಾಣುವಂಥದ್ದಲ್ಲ, ಕೊಳ್ಳುವವನು ಮೈಸೂರಿನಲ್ಲಿ, ಮಾರುವವನು ಮೆಕ್ಸಿಕೋದಲ್ಲಿ. ಮೊದಲು ಹಣವೋ, ಮೊದಲು ಹೆಸರೋ? ಇದಕ್ಕಾಗಿ ಮಧ್ಯಸ್ಥ ಖಾತೆಯ ಏರ್ಪಾಡಿದೆ, ಎಸ್ಕ್ರೋ ಎನ್ನುತ್ತಾರೆ. ಕೊಳ್ಳುವವನ ಹಣ ಮೂರನೆಯವರ ಬಳಿ ಕೂರುತ್ತದೆ. ಹೆಸರು ಕೈ ಬದಲಾದದ್ದು ಖಚಿತವಾದ ಮೇಲೆ ದಲ್ಲಾಳಿ ಹಣ ಮುರಿದುಕೊಂಡು ಉಳಿದದ್ದನ್ನು ಮಾರಿದವನಿಗೆ ಕೊಡುತ್ತಾರೆ. ಹೆಸರು ಒಂದು ರಿಜಿಸ್ಟ್ರಾರ್‌ನಿಂದ ಇನ್ನೊಬ್ಬರಿಗೆ ಹೋಗಬೇಕಾದರೆ ಒಂದು ಗುಪ್ತ ಸಂಕೇತ ಬೇಕು. ಆ ಸಂಕೇತವೇ ಬೀಗದ ಕೈ. ಮಧ್ಯಸ್ಥರಿಲ್ಲದೆ ‘ಮೊದಲು ಸಂಕೇತ ಕಳಿಸಿ, ಆಮೇಲೆ ಹಣ’ ಎನ್ನುವವರಿಗೆ ಕೊಟ್ಟರೆ ಮನೆಯ ಕೀಲಿಯನ್ನೇ ಕೊಟ್ಟಂತೆ. ಅದೇ ರೀತಿ ‘ನಿಮ್ಮ ಹೆಸರಿಗೆ ಭಾರಿ ಗಿರಾಕಿ ಇದ್ದಾರೆ, ಮೊದಲು ಬೆಲೆಪತ್ರಕ್ಕೆ ಶುಲ್ಕ ಕಟ್ಟಿ’ ಎಂಬ ಪತ್ರವೂ ಮೋಸದ್ದೇ.

ನನ್ನ ರಸಪ್ರಶ್ನೆಯ ಹೆಸರು ಕಳೆದುಹೋದ ದಾರಿಯನ್ನೂ ಹೇಳಬೇಕು. ಡಾಟ್ ಕಾಮ್ ಹೆಸರಿನ ಅವಧಿ ಮುಗಿದ ತಕ್ಷಣ ಅದು ಸಾಯುವುದಿಲ್ಲ. ಮೊದಲು ಹೆಚ್ಚೆಂದರೆ 45 ದಿನಗಳ ಔದಾರ್ಯದ ಕಾಲ. ಎಷ್ಟು ದಿನ ಎಂಬುದು ರಿಜಿಸ್ಟ್ರಾರ್‌ನ ಮೇಲೆ ನಿಂತಿದೆ. ಆಗ ಮಾಮೂಲು ಹಣ ಕಟ್ಟಿದರೆ ಹೆಸರು ಉಳಿಯುತ್ತದೆ. ಆಮೇಲೆ 30 ದಿನ ದಂಡದ ಕಾಲ, ಬಿಡಿಸಿಕೊಳ್ಳಬಹುದು, ಆದರೆ ಹತ್ತಾರು ಪಟ್ಟು ಕೊಡಬೇಕಾಗಬಹುದು. ಕೊನೆಗೆ 5 ದಿನ, ಆಗ ಯಾರೂ ಏನೂ ಮಾಡುವಂತಿಲ್ಲ. ಆರನೆಯ ದಿನ ಹೆಸರು ಬಯಲಿಗೆ ಬೀಳುತ್ತದೆ. ಅದನ್ನು ಗಾಳಿಯಲ್ಲೇ ಹಿಡಿಯಲು ಸೆಕೆಂಡಿನ ಭಾಗದಲ್ಲಿ ಅರ್ಜಿ ಹಾಕುವ ಯಂತ್ರಗಳು ಕಾದಿರುತ್ತವೆ. ಆದರೆ ಒಳ್ಳೆಯ ಹೆಸರುಗಳು ಅಲ್ಲಿಯವರೆಗೆ ಬರುವುದೇ ಅಪರೂಪ. ಔದಾರ್ಯದ ಕಾಲದಲ್ಲೇ ಅನೇಕ ರಿಜಿಸ್ಟ್ರಾರ್‌ಗಳು ಅವನ್ನು ತಮ್ಮದೇ ಸಂತೆಯಲ್ಲಿ ಹರಾಜು ಹಾಕುತ್ತಾರೆ. ನೆನಪಿನ ಪತ್ರ ಕಳಿಸಬೇಕಾದವರೇ, ನೀವು ಮರೆತರೆ ಲಾಭ ಪಡೆಯುವವರೂ ಆಗಿರುವುದು ನನಗಂತೂ ಸರಿಕಾಣುವುದಿಲ್ಲ. ನಿಯಮದ ಪ್ರಕಾರ ಅದು ತಪ್ಪಲ್ಲ, ಅಷ್ಟೆ.

ಮರೆಯುವವರು ನಾನೊಬ್ಬನೇ ಅಲ್ಲ ಎಂಬುದು ಸ್ವಲ್ಪ ಸಮಾಧಾನ. 1999ರ ಕ್ರಿಸ್‌ಮಸ್ ಸಮಯದಲ್ಲಿ ಮೈಕ್ರೋಸಾಫ್ಟ್ ಕಂಪನಿ ‘ಪಾಸ್‌ಪೋರ್ಟ್ ಡಾಟ್ ಕಾಮ್’ ಹೆಸರಿನ ಶುಲ್ಕ ಕಟ್ಟಲು ಮರೆತು, ಹಾಟ್‌ಮೇಲ್ ಬಳಸುವವರು ತಮ್ಮ ಪತ್ರಗಳನ್ನು ಓದಲಾಗದೆ ಪರದಾಡಿದರು. ಮೈಕೇಲ್ ಚೇನಿ ಎಂಬ ಪ್ರೋಗ್ರಾಮರ್ ತನ್ನ ಜೇಬಿನಿಂದ 35 ಡಾಲರ್ ಕಟ್ಟಿ ಸರಿಪಡಿಸಿದ. 2015ರ ಸೆಪ್ಟೆಂಬರಿನಲ್ಲಿ ಇನ್ನೂ ವಿಚಿತ್ರ ನಡೆಯಿತು. ನಮ್ಮ ಕಚ್ಛ್ ಮೂಲದ ಸನ್ಮಯ್ ವೇದ್ ಎಂಬಾತ ರಾತ್ರಿ ಕುತೂಹಲಕ್ಕೆ ‘ಗೂಗಲ್ ಡಾಟ್ ಕಾಮ್’ ಹೆಸರು ಖಾಲಿಯಿದೆಯೇ ಎಂದು ಗೂಗಲ್‌ನದೇ ನೋಂದಣಿ ಅಂಗಡಿಯಲ್ಲಿ ನೋಡಿದರೆ, ಇದೆ ಎಂದಿತು. 12 ಡಾಲರ್ ಕಟ್ಟಿದರು, ಸಿಕ್ಕಿಯೇಬಿಟ್ಟಿತು! ಸುಮಾರು ಒಂದು ನಿಮಿಷದಲ್ಲಿ ಅದು ರದ್ದಾಯಿತು. ಗೂಗಲ್ ಅವರಿಗೆ ಬಹುಮಾನವೆಂದು 6,006.13 ಡಾಲರ್ ಕೊಟ್ಟಿತು. ಆ ಅಂಕಿಗಳನ್ನು ಕಾಗದದ ಮೇಲೆ ಇಂಗ್ಲಿಷ್ ಅಕ್ಷರಗಳಂತೆ ಓದಿ ನೋಡಿ. ಅವರು ಹಣವನ್ನು ದಾನ ಕೊಡಲು ಬಯಸಿದಾಗ ಮೊತ್ತ ಇಮ್ಮಡಿಯಾಯಿತು.

ಬೆಲೆಯ ವಿಷಯಕ್ಕೆ ಬರೋಣ, ನಿಮ್ಮಲ್ಲಿ ಕೆಲವರು ಇದಕ್ಕಾಗಿಯೇ ಕಾಯುತ್ತಿರಬಹುದು. 1999ರಲ್ಲಿ ‘ಬಿಸಿನೆಸ್ ಡಾಟ್ ಕಾಮ್’ 75 ಲಕ್ಷ ಡಾಲರಿಗೆ, 2019ರಲ್ಲಿ ‘ವಾಯ್ಸ್ ಡಾಟ್ ಕಾಮ್’ 3 ಕೋಟಿ ಡಾಲರಿಗೆ ಮಾರಾಟವಾದವು. ಪೆಸಿಫಿಕ್ ಸಾಗರದ ಪುಟ್ಟ ರಾಷ್ಟ್ರ ತುವಾಲುವಿಗೆ ದೇಶದ ಗುರುತಾಗಿ ‘ಡಾಟ್ ಟಿವಿ’ ಸಿಕ್ಕಿತ್ತು. ಅದರ ಹಕ್ಕನ್ನು 2000ದಲ್ಲಿ ಗುತ್ತಿಗೆ ಕೊಟ್ಟು, ಆ ಹಣದ ನೆರವಿನಿಂದ ಅದು ವಿಶ್ವಸಂಸ್ಥೆಯ ಸದಸ್ಯತ್ವ ಪಡೆಯಿತು. ನಮ್ಮ ವೃತ್ತಿಯ ಎರಡಕ್ಷರ ಒಂದು ದೇಶಕ್ಕೆ ಹೀಗೆ ಒದಗಿತಲ್ಲ ಎಂದು ನನಗೆ ಒಳಗೊಳಗೇ ಹೆಮ್ಮೆ.

ಇಂಥ ಕಥೆಗಳನ್ನು ಓದಿಯೇ ಇರಬೇಕು, ಬಿ.ಕಾಂ. ಓದುವ ವಿದ್ಯಾರ್ಥಿಯೊಬ್ಬ ನನ್ನನ್ನು ಕಾಣಲು ಬಂದಿದ್ದ. ಪರೀಕ್ಷಾ ಶುಲ್ಕದ ಹಣದಲ್ಲಿ 14 ಹೆಸರು ನೋಂದಾಯಿಸಿದ್ದ. ಅವುಗಳಲ್ಲಿ ಒಂಬತ್ತು ಕ್ರಿಕೆಟ್ ಆಟಗಾರರ ಮತ್ತು ಕಂಪನಿಗಳ ಹೆಸರುಗಳು! ನಾನು ಕಾಗದ ತೆಗೆದು ಲೆಕ್ಕ ಹಾಕಿ ತೋರಿಸಿದೆ. ಒಂದು ಹೆಸರಿಗೆ ವರ್ಷಕ್ಕೆ ಸಾವಿರ ರೂಪಾಯಿ ಎಂದುಕೊಂಡರೂ ನೂರು ಹೆಸರಿಗೆ ಲಕ್ಷ ರೂಪಾಯಿ, ಮಾರಾಟವಾಗಲಿ ಬಿಡಲಿ ಪ್ರತಿ ವರ್ಷ. ಪತ್ರಿಕೆಗೆ ಬರುವುದು ಮಾರಿದವರ ಸುದ್ದಿ, ಕಾದು ಕಾದು ಕೈಬಿಟ್ಟವರದ್ದಲ್ಲ. ಇನ್ನು ಪರರ ಹೆಸರಿನ ಪ್ರಶ್ನೆ. 2004ರಲ್ಲಿ ಸತ್ಯಂ ಇನ್ಫೋವೇ ಮೊಕದ್ದಮೆಯಲ್ಲಿ ನಮ್ಮ ಸುಪ್ರೀಂ ಕೋರ್ಟು ಡೊಮೇನ್ ಹೆಸರಿಗೂ ವ್ಯಾಪಾರ ಮುದ್ರೆಯ ರಕ್ಷಣೆ ಉಂಟು ಎಂದಿತು. 2011ರಲ್ಲಿ ಅರುಣ್ ಜೇಟ್ಲಿಯವರ ಹೆಸರಿನ ಡಾಟ್ ಕಾಮ್ ಬೇರೆಯವರ ಕೈಯಲ್ಲಿದ್ದಾಗ ದೆಹಲಿ ಹೈಕೋರ್ಟು ಅವರ ಪರವಾಗಿ ತೀರ್ಪಿತ್ತಿತು. ಕೆನಡಾದ 17 ವರ್ಷದ ಹುಡುಗ ಮೈಕ್ ರೋ ತನ್ನ ಸ್ವಂತ ಹೆಸರಿಗೆ ‘ಸಾಫ್ಟ್’ ಸೇರಿಸಿ ‘ಮೈಕ್‌ರೋಸಾಫ್ಟ್’ ಮಾಡಿಕೊಂಡಿದ್ದ. ಕಂಪನಿ 10 ಡಾಲರ್ ಕೊಡುತ್ತೇನೆಂದಿತು, ಅವನು 10,000 ಕೇಳಿದ. ಕೇಳಿದ ಆ ಮಾತೇ ದುರುದ್ದೇಶಕ್ಕೆ ಸಾಕ್ಷಿ ಎಂದು ಕಂಪನಿ ವಾದಿಸಿತು. ಕೊನೆಗೆ ರಾಜಿಯಾಗಿ ಅವನಿಗೆ ಒಂದು ಆಟದ ಯಂತ್ರವೂ ಸಿಕ್ಕಿತೆನ್ನಿ.

ಹುಡುಗ ಒಂಬತ್ತು ಹೆಸರುಗಳನ್ನು ನವೀಕರಿಸದೆ ಬಿಟ್ಟ. ಉಳಿದ ಐದರಲ್ಲಿ ಒಂದು ಅವನ ಊರಿನ ಬೆಲ್ಲದ ಗಾಣಕ್ಕೆ ಸಂಬಂಧಿಸಿದ್ದು. ಅದನ್ನು ಮಾರದೆ ಅವನ ಚಿಕ್ಕಪ್ಪನಿಗೇ ತಾಣ ಮಾಡಿಕೊಟ್ಟಿದ್ದಾನೆಂದು ಕೇಳಿದೆ. ಪರೀಕ್ಷಾ ಶುಲ್ಕವನ್ನು ಯಾರು ಕಟ್ಟಿದರೋ ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ.

ರಸಪ್ರಶ್ನೆಯ ಹೆಸರಿಗೆ ನಾವು 2,000 ಡಾಲರ್ ಕೊಡಲಿಲ್ಲ, ಕೊಡಲು ಇರಲೂ ಇಲ್ಲ. ನಾನು ಪ್ರತಿ ವರ್ಷ ಅದರ ಅವಧಿ ಮುಗಿಯುವ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ಕಾಯುತ್ತಿದ್ದೆ. ಯಾರೂ ಕೊಳ್ಳದ್ದರಿಂದ ಮೂರನೆಯ ವರ್ಷ ಆ ವ್ಯಾಪಾರಿ ಅದನ್ನು ಕೈಬಿಟ್ಟ. ಹರಾಜಿನಲ್ಲೂ ಯಾರೂ ಕೂಗಲಿಲ್ಲ. ಬಯಲಿಗೆ ಬಿದ್ದ ದಿನ ಮಾಮೂಲು ಬೆಲೆಗೆ, ಕಚೇರಿಯ ಮಿಂಚಂಚೆಯ ವಿಳಾಸದಲ್ಲಿ ಬರೆಸಿಕೊಂಡೆ. ಮೇಷ್ಟ್ರಿಗೆ ಫೋನು ಮಾಡಿ ಹೇಳಿದೆ. “ಗೋಡೆಗೆ ಆಗಲೇ ಸುಣ್ಣ ಹೊಡೆಸಿಬಿಟ್ಟೆ ಸಾರ್. ಇರಲಿ, ಮತ್ತೆ ಬರೆಸ್ತೀನಿ. ಈ ಸಲ ಎಷ್ಟು ವರ್ಷಕ್ಕೆ ಕಟ್ಟಿದ್ದೀರಿ?” ಎಂದರು.

ಹತ್ತು ಎಂದೆ.