ಮಗು ಯಾರಿಗೆ ಹೇಳಬೇಕು?



ಇಂದಿನ ಸಂಕಿರಣವನ್ನು ಮೂರು ಗೋಷ್ಠಿಗಳಾಗಿ ಹಂಚಿದ್ದಾರೆ. ಮೊದಲನೆಯದು ಶಾಲೆಯಲ್ಲಿ ಎಲ್ಲರೂ ಪಾಲಿಸಬೇಕಾದ ನಡತೆ, ಎರಡನೆಯದು ಮಕ್ಕಳ ಸುರಕ್ಷತೆ, ಊಟದ ನಂತರ ಪ್ರತಿಭಾ ಪುರಸ್ಕಾರ. ಅನುಕೂಲಕ್ಕಾಗಿ ಹಾಗೆ ಹಂಚಿದ್ದು ಸರಿ. ಆದರೆ ನನ್ನ ಮಟ್ಟಿಗೆ ಇವು ಮೂರೂ ಒಂದೇ ಪ್ರಶ್ನೆ. ನಮ್ಮ ಶಾಲೆಯಲ್ಲಿ ಮಗುವಿನ ಮಾತಿಗೆ ಕಿವಿಗೊಡುವ ಹಿರಿಯರೊಬ್ಬರು ಇದ್ದಾರೆಯೇ? ವರ್ಷವಿಡೀ ಯಾರೂ ಹೆಸರು ಹಿಡಿದು ಕರೆಯದ, ಯಾವುದಕ್ಕೂ ಭೇಷ್ ಎನ್ನದ ಮಗು, ತನಗೆ ನೋವಾದ ದಿನ ನಮ್ಮ ಬಳಿ ಬಂದು ಬಾಯಿಬಿಡುತ್ತದೆ ಎಂದು ನಿರೀಕ್ಷಿಸುವುದು ಹೇಗೆ? ಮೆಚ್ಚುಗೆಗೂ ಸುರಕ್ಷತೆಗೂ ಇರುವ ಈ ನಂಟನ್ನು ಮೂರೂ ಗೋಷ್ಠಿಗಳು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ಕೇಳಿಕೊಳ್ಳಲು ಇಲ್ಲಿ ನಿಂತಿದ್ದೇನೆ.

ನಮ್ಮ ಧಾರವಾಡ ಜಿಲ್ಲೆಯದೇ ಬಾಲಕಿಯೊಬ್ಬಳ ಪ್ರಸಂಗವಿದೆ. 1924ರಲ್ಲಿ ಬೆಳಗಾವಿಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಗಾಂಧೀಜಿ ಅಧ್ಯಕ್ಷತೆ ವಹಿಸಿದ ಏಕೈಕ ಅಧಿವೇಶನ ಅದು. ಅಲ್ಲಿ ಸ್ವಾಗತಗೀತೆಗೆ ದನಿಗೂಡಿಸಿದ ಶಾಲಾ ಬಾಲಕಿಯರಲ್ಲಿ ಧಾರವಾಡದ ಗಂಗೂಬಾಯಿಯೂ ಇದ್ದರು, ಮುಂದೆ ಇಡೀ ದೇಶ ಗಂಗೂಬಾಯಿ ಹಾನಗಲ್ ಎಂದು ಗೌರವಿಸಿದವರು. ಆಗ ಅವರಿಗೆ ಹನ್ನೊಂದರ ವಯಸ್ಸು. ಅಷ್ಟು ದೊಡ್ಡ ಸಭೆಯ ಎದುರು ಹಾಡುವಾಗ ಆ ಹುಡುಗಿಯ ಮನಸ್ಸಿನಲ್ಲಿ ಏನಿತ್ತು ಎಂಬುದನ್ನು ಅವರೇ ಮುಂದೆ ಹೇಳಿಕೊಂಡಿದ್ದಾರೆ. ಹಾಡಿನ ಚಿಂತೆಗಿಂತ ಊಟದ ಚಿಂತೆ ಹೆಚ್ಚಾಗಿತ್ತು. ಕೆಳಜಾತಿಯವಳೆಂದು ಪಂಕ್ತಿಯಲ್ಲಿ ತನ್ನನ್ನು ಬೇರೆ ಮಾಡಿಬಿಡುತ್ತಾರೇನೋ ಎಂಬ ದಿಗಿಲು ಅದು.

ಹಾಡಿದ ಹುಡುಗಿಯೂ ದಿಗಿಲುಗೊಂಡ ಹುಡುಗಿಯೂ ಒಬ್ಬಳೇ. ವೇದಿಕೆ ಅವಳ ದನಿಯನ್ನು ಕೇಳಿಸಿಕೊಂಡಿತು, ಅವಳ ಭಯವನ್ನು ಕೇಳಿಸಿಕೊಳ್ಳುವ ವ್ಯವಸ್ಥೆ ಮಾತ್ರ ಎಲ್ಲಿಯೂ ಇರಲಿಲ್ಲ. ಅವರ ಶಾಲೆ ಐದನೆಯ ಇಯತ್ತೆಗೇ ಮುಗಿಯಿತು. ಆಮೇಲೆ ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗಿ, ಸವಾಯಿ ಗಂಧರ್ವರ ಬಳಿ ಕಲಿತರು. ಜನರ ಚುಚ್ಚುಮಾತನ್ನು ನುಂಗಿಕೊಂಡೇ ದೊಡ್ಡವರಾದರು. ಎಲ್ಲ ಮಕ್ಕಳಿಗೂ ಆ ಗಟ್ಟಿತನ ಇರಬೇಕೆಂದು ಕೇಳುವ ಹಕ್ಕು ನಮಗಿಲ್ಲ. ಇಂದು ನಮ್ಮ ಪ್ರತಿಭಾ ಕಾರಂಜಿಯಲ್ಲಿ ಬಹುಮಾನ ಗೆದ್ದ ಹುಡುಗಿ, ಅದೇ ಮಧ್ಯಾಹ್ನ ಬಿಸಿಯೂಟದ ಸಾಲಿನಲ್ಲಿ ಯಾರ ಪಕ್ಕ ಕೂರುತ್ತಾಳೆ, ಯಾರು ಅವಳ ಪಕ್ಕದಿಂದ ಎದ್ದು ಹೋಗುತ್ತಾರೆ ಎಂಬುದನ್ನು ನೋಡುವುದೂ ನಮ್ಮ ಕೆಲಸವೇ.

ಇನ್ನು ನಡತೆಯ ಮಾತು. ಶಾಲೆಗಳ ಗೋಡೆ ಮೇಲೆ ನಿಯಮಗಳ ಫಲಕ ನೋಡುತ್ತೇವೆ. ಸಮವಸ್ತ್ರ, ಉಗುರು, ತಲೆಗೂದಲು, ಪ್ರಾರ್ಥನೆಗೆ ಬರುವ ವೇಳೆ. ಎಲ್ಲವೂ ಮಕ್ಕಳಿಗೆ ಬರೆದದ್ದು. ದೊಡ್ಡವರಿಗೆಂದು ಬರೆದ ಫಲಕ ಅಪರೂಪ. ಆ ನಿಯಮಗಳು ಕಾನೂನಿನಲ್ಲಿವೆ, ಆದರೆ ಗೋಡೆಗೆ ಇಳಿದಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ, ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಾದರೆ, ನಡೆಯಬಹುದೆಂಬ ಆತಂಕವಿದ್ದರೂ ಸರಿಯೇ, ಪೊಲೀಸರಿಗೆ ತಿಳಿಸಲೇಬೇಕು. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ಕೃತ್ಯವನ್ನು ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು, ದಂಡ. ಸದುದ್ದೇಶದಿಂದ ತಿಳಿಸಿದವರ ಮೇಲೆ ಯಾವ ಹೊಣೆಯೂ ಬರುವುದಿಲ್ಲ ಎಂದೂ ಅದೇ ಕಾಯ್ದೆ ಹೇಳುತ್ತದೆ. ಈ ಕೊನೆಯ ಮಾತು ನಮ್ಮ ಎಷ್ಟೋ ಶಿಕ್ಷಕರಿಗೆ ಗೊತ್ತಿಲ್ಲ. "ಊರ ಮರ್ಯಾದಿ ಹೋಗತದ, ಇಲ್ಲೇ ಕುಂತು ಬಗಿಹರಿಸೋಣ್ರಿ" ಎಂದು ನಾಲ್ಕು ಜನ ಪ್ರಮುಖರು ಮುಖ್ಯಶಿಕ್ಷಕರ ಕೋಣೆಗೆ ಬಂದು ಕೂತಾಗ, ಆ ಕಲಮೇ ಅವರಿಗೆ ಆಸರೆ. ಬಗೆಹರಿಸುವ ಅಧಿಕಾರ ಅಲ್ಲಿ ಯಾರಿಗೂ ಇಲ್ಲ.

ಹೊಡೆತದ ಬಗ್ಗೆ ಬಿಚ್ಚಿ ಮಾತಾಡೋಣ. ಮಗುವನ್ನು ಶಾಲೆಗೆ ಬಿಡಲು ಬಂದ ತಂದೆ, "ಕಣ್ಣೊಂದ ಬಿಟ್ಟು ಎಲ್ಲಿ ಬೇಕಾದ್ರೂ ಹೊಡೀರಿ ಸರ್" ಎಂದು ಹೇಳಿ ಹೋಗುವುದನ್ನು ಇಲ್ಲಿ ಕೂತಿರುವ ಬಹಳಷ್ಟು ಜನ ಕೇಳಿದ್ದೀರಿ. ಅದರಲ್ಲಿ ಮಗನ ಭವಿಷ್ಯದ ಕಳಕಳಿ ಇದೆ, ಗುರುವಿನ ಮೇಲೆ ವಿಶ್ವಾಸವೂ ಇದೆ. ಆದರೆ ಅವನು ಕೊಡುವ ಆ ಅನುಮತಿ ಅವನ ಕೈಯಲ್ಲಿಲ್ಲ, ನಾವು ತೆಗೆದುಕೊಳ್ಳುವಂಥದ್ದೂ ಅಲ್ಲ. 2022ರ ಡಿಸೆಂಬರ್‌ನಲ್ಲಿ ನಮ್ಮ ಪಕ್ಕದ ನರಗುಂದ ತಾಲೂಕಿನ ಹಳ್ಳಿಯೊಂದರ ಶಾಲೆಯಲ್ಲಿ ಏನಾಯಿತೆಂಬುದು ನಿಮಗೆಲ್ಲ ಗೊತ್ತು. ನಾಲ್ಕನೆಯ ತರಗತಿಯ ಬಾಲಕನೊಬ್ಬ ಶಾಲೆಯ ಆವರಣದಲ್ಲೇ, ಪಾಠ ಹೇಳುವವನ ಕೈಯಿಂದಲೇ ಪ್ರಾಣ ಕಳೆದುಕೊಂಡ. ಆ ಮನೆಯವರ ಗಾಯವನ್ನು ಕೆದಕಬಾರದೆಂದು ಊರ ಹೆಸರು ಎತ್ತುವುದಿಲ್ಲ. ಅದು ಒಬ್ಬ ವ್ಯಕ್ತಿಯ ಅಪರಾಧ, ಇಡೀ ಶಿಕ್ಷಕ ಸಮುದಾಯದ್ದಲ್ಲ, ನಿಜ. ಆದರೂ ಒಂದು ಮಾತು ಕೇಳಬೇಕಾಗುತ್ತದೆ. ದೊಡ್ಡವರ ಸಿಟ್ಟು ಹದ್ದು ಮೀರುತ್ತಿದೆ ಎಂದು ಕಂಡಾಗ ತಡೆಯುವವರು, ಮೊದಲೇ ವರದಿ ಮಾಡುವವರು ನಮ್ಮ ಶಾಲೆಯಲ್ಲಿ ಯಾರು? ಹೊಡೆತ ನಿತ್ಯದ ಮಾತಾಗಿರುವ ಕಡೆ ಯಾವುದು ಅತಿ ಎಂದು ಗುರುತಿಸುವ ಕಣ್ಣೇ ಮಂಜಾಗಿರುತ್ತದೆ.

ದೂರು ಪೆಟ್ಟಿಗೆಯ ಸಂಗತಿ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಇಡೀ ವಿಷಯ ಅದರೊಳಗಿದೆ. ಬಹಳ ಕಡೆ ಪೆಟ್ಟಿಗೆ ಮುಖ್ಯಶಿಕ್ಷಕರ ಕೋಣೆಯ ಬಾಗಿಲ ಪಕ್ಕದಲ್ಲೇ ನೇತಾಡುತ್ತಿರುತ್ತದೆ. ಬೀಗದ ಕೈ ಅವರ ಮೇಜಿನ ಖಾನೆಯಲ್ಲಿ. ಚೀಟಿ ಹಾಕಲು ಹೋದ ಹುಡುಗಿಯನ್ನು ಇಡೀ ಸ್ಟಾಫ್ ರೂಮ್ ನೋಡುತ್ತದೆ. ಐದನೆಯ ತರಗತಿಯ ಮಗುವಿನ ಕೈಗೆ ಎಟುಕದ ಎತ್ತರ ಬೇರೆ. ಪೆಟ್ಟಿಗೆ ಖಾಲಿ ಇದೆ, ಆದ್ದರಿಂದ ದೂರುಗಳಿಲ್ಲ ಎಂದು ವರದಿ ಹೋಗುತ್ತದೆ! ಆ ಪೆಟ್ಟಿಗೆಯನ್ನು ಹೆಣ್ಣುಮಕ್ಕಳ ಶೌಚಾಲಯದ ಹಾದಿಯಲ್ಲಿ, ಮಗುವಿನ ಎದೆಯ ಮಟ್ಟಕ್ಕೆ ಹಾಕಿ. ಕೀಲಿಕೈ ಶಾಲೆಯ ಹೊರಗಿನ ಇಬ್ಬರ ಕೈಯಲ್ಲಿರಲಿ, ಒಬ್ಬರು ಎಸ್‌ಡಿಎಂಸಿಯ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ತಾಯಿ ಸದಸ್ಯೆ, ಇನ್ನೊಬ್ಬರು ಆಶಾ ಕಾರ್ಯಕರ್ತೆಯೋ ಅಂಗನವಾಡಿ ಕಾರ್ಯಕರ್ತೆಯೋ ಆಗಬಹುದು. ವಾರಕ್ಕೊಮ್ಮೆ ನಿಗದಿಯಾದ ದಿನ ತೆಗೆಯಲಿ. "ನೀರಿನ ಟಾಕಿ ತೊಳೆದಿಲ್ಲ" ಎಂಬ ಚೀಟಿಗೆ ಮರುವಾರವೇ ಟಾಕಿ ತೊಳೆದು ಉತ್ತರ ಕೊಡಿ. ಸಣ್ಣ ಮಾತಿಗೆ ಉತ್ತರ ಸಿಕ್ಕಿದ್ದನ್ನು ನೋಡಿದ ಮಗು ಮಾತ್ರ ದೊಡ್ಡ ಮಾತು ಬರೆಯುವ ಧೈರ್ಯ ಮಾಡುತ್ತದೆ.

ಮಕ್ಕಳ ಸಹಾಯವಾಣಿಯ 1098 ಸಂಖ್ಯೆಯನ್ನು ಗೋಡೆಗೆ ಬರೆಸಿದ್ದೇವೆ, ಒಳ್ಳೆಯದು. ಹಳ್ಳಿಯ ಮನೆಯಲ್ಲಿ ಫೋನ್ ಅಪ್ಪನ ಕಿಸೆಯಲ್ಲೋ ಅಣ್ಣನ ಕೈಯಲ್ಲೋ ಇರುತ್ತದೆ ಎಂಬುದನ್ನು ಮರೆಯಬಾರದು. ಕೇಳಿದ ಮಗುವಿಗೆ ಶಾಲೆಯ ಫೋನಿನಿಂದ ಕರೆ ಮಾಡಲು ಬಿಡುತ್ತೇವೆಯೇ? ಇನ್ನು ಬಿಸಿಯೂಟದ ಅಕ್ಕಂದಿರ ಬಗ್ಗೆ. ನಿನ್ನೆವರೆಗೆ ಎರಡು ಸಲ ಸಾರು ಹಾಕಿಸಿಕೊಳ್ಳುತ್ತಿದ್ದ ಹುಡುಗ ಇಂದು ತಟ್ಟೆ ಮುಂದೆ ಸುಮ್ಮನೆ ಕೂತಿದ್ದಾನೆ ಎಂಬುದು ಹಾಜರಿ ಪುಸ್ತಕಕ್ಕೆ ಗೊತ್ತಾಗುವುದಿಲ್ಲ, ಅವರಿಗೆ ಗೊತ್ತಾಗುತ್ತದೆ. ಅವರನ್ನು ಈ ಸಭೆಗೆ ಕರೆದದ್ದು ನನಗೆ ಬಹಳ ಸಂತೋಷ ತಂದಿದೆ. ಮಕ್ಕಳ ಸುರಕ್ಷಾ ಸಭೆಗಳಲ್ಲೂ ಅವರಿಗೆ ಕುರ್ಚಿ ಇರಲಿ.

ಕಟ್ಟಡದ ಮಾತು ಬಂದರೆ ನಮ್ಮ ಎರೆ ನೆಲವನ್ನು ನೆನೆಯಲೇಬೇಕು. ಮಳೆಗೆ ಉಬ್ಬಿ, ಬೇಸಿಗೆಗೆ ಬಿರಿಯುವ ಮಣ್ಣು ಇದು. ಬುನಾದಿ ಗಟ್ಟಿ ಇಲ್ಲದ ಗೋಡೆ ಇಲ್ಲಿ ಬಿರುಕು ಬಿಡುವುದು ಸಹಜ. ಬಿರುಕಿನ ಎರಡೂ ಬದಿಗೆ ಪೆನ್ಸಿಲ್ ಗೆರೆ ಹಾಕಿ, ದಿನಾಂಕ ಬರೆದಿಟ್ಟು, ಹಿಗ್ಗುತ್ತಿದೆಯೇ ಎಂದು ಮಕ್ಕಳ ಕೈಯಲ್ಲೇ ಅಳೆಸಬಹುದು. ವಿಜ್ಞಾನದ ಪಾಠವೂ ಆಯಿತು, ಇಂಜಿನಿಯರರಿಗೆ ಬರೆಯುವ ಅರ್ಜಿಗೆ ದಾಖಲೆಯೂ ಆಯಿತು. 2019ರ ಆಗಸ್ಟ್‌ನಲ್ಲಿ ಬೆಣ್ಣಿಹಳ್ಳ, ತುಪ್ಪರಿಹಳ್ಳ ಉಕ್ಕಿದ್ದನ್ನು ಕಂಡವರಿಗೆ, ಹಳ್ಳದಾಚೆಯ ಮಕ್ಕಳನ್ನು ಮಳೆ ಬಂದ ದಿನ ಯಾವಾಗ ಬಿಡಬೇಕು, ಯಾರ ಜೊತೆ ಬಿಡಬೇಕು ಎಂಬ ತೀರ್ಮಾನ ಎಷ್ಟು ಕಷ್ಟದ್ದೆಂದು ಗೊತ್ತು. ಅದನ್ನು ಮಳೆ ಸುರಿಯುವಾಗ ಯೋಚಿಸುವ ಬದಲು ಜೂನ್ ತಿಂಗಳ ಮೊದಲ ಎಸ್‌ಡಿಎಂಸಿ ಸಭೆಯಲ್ಲೇ ಬರೆದಿಡಬೇಕು. ಅಡುಗೆ ಕೋಣೆಯನ್ನೂ ನೋಡಿ. 2004ರ ಜುಲೈ 16ರಂದು ಕುಂಭಕೋಣದ ಶಾಲೆಯೊಂದರಲ್ಲಿ ಅಡುಗೆ ಮನೆಯಿಂದ ಹೊತ್ತಿದ ಬೆಂಕಿ ಗರಿಯ ಛಾವಣಿಗೆ ಹಬ್ಬಿ 94 ಮಕ್ಕಳು ತೀರಿಕೊಂಡರು. ಸುರಕ್ಷಿತ ಶಾಲೆ ಶಿಕ್ಷಣದ ಹಕ್ಕಿನ ಭಾಗವೇ ಎಂದು ಸುಪ್ರೀಂ ಕೋರ್ಟ್ 2009ರಲ್ಲಿ ಹೇಳಿದ್ದು ಆ ದುರಂತದ ಬಳಿಕವೇ.

ಶಾಲೆಯ ಗೇಟು ದಾಟಿದರೆ ನಮ್ಮ ಹೊಣೆ ಮುಗಿಯಿತೆಂಬ ಭಾವನೆ ಬೇಡ. ಸಂಜೆ ನಾಲ್ಕೂವರೆಗೆ ಹೈಸ್ಕೂಲು ಬಿಡುತ್ತದೆ. ಊರಿಗೆ ಹೋಗುವ ಬಸ್ಸು ತಡ. ಬಂದ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಹುಡುಗರು ಫುಟ್‌ಬೋರ್ಡಿಗೆ ಜೋತುಬೀಳುತ್ತಾರೆ, ಹುಡುಗಿಯರು ಮುಂದಿನ ಬಸ್ಸಿಗೆ ಕಾಯುತ್ತಾರೆ, ಚಳಿಗಾಲದಲ್ಲಿ ಅಷ್ಟೊತ್ತಿಗೆ ಕತ್ತಲಾಗುತ್ತದೆ. ಒಂದೆರಡು ದಿನ ಯಾರೋ ಹಿಂದೆ ಬಿದ್ದು ಕಾಡಿದರೆಂದು ಗೊತ್ತಾದರೆ, ಮನೆಯಲ್ಲಿ ಮೊದಲ ತೀರ್ಮಾನ, "ಸಾಲಿ ಬಿಡಸ್ರಿ". ಮುಂದಿನ ತೀರ್ಮಾನ ಮದುವೆ. ಕಾಡಿದವನು ಊರಲ್ಲೇ ತಿರುಗಾಡಿಕೊಂಡಿರುತ್ತಾನೆ, ಹುಡುಗಿಯ ಕಲಿಕೆ ನಿಂತುಹೋಗುತ್ತದೆ. ಆದ್ದರಿಂದಲೇ ಆಕೆ ಮನೆಯಲ್ಲೂ ಹೇಳುವುದಿಲ್ಲ. ಹೇಳಿದರೆ ತನಗೇ ಶಿಕ್ಷೆ ಎಂದು ಅವಳಿಗೆ ಗೊತ್ತಿದೆ. ಒಂದು ಬಸ್ಸಿನ ವೇಳೆಯನ್ನು ಅರ್ಧ ಗಂಟೆ ಬದಲಿಸಿಕೊಳ್ಳಲು ಹತ್ತು ಶಾಲೆಗಳ ಮುಖ್ಯಶಿಕ್ಷಕರು ಒಂದೇ ಅರ್ಜಿಗೆ ಸಹಿ ಹಾಕಿ ಡಿಪೋಗೆ ಹೋದರೆ ಆಗುವ ಕೆಲಸ, ಎಷ್ಟೋ ಉಪನ್ಯಾಸಗಳಿಂದ ಆಗುವುದಿಲ್ಲ.

ಪುರಸ್ಕಾರದ ವಿಷಯಕ್ಕೆ ಬರುತ್ತೇನೆ. ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ಊರೂರಲ್ಲಿ ಫ್ಲೆಕ್ಸ್ ಏಳುತ್ತವೆ. ಹೆಚ್ಚು ಅಂಕ ಪಡೆದವರನ್ನು ಮೆಚ್ಚುವುದರಲ್ಲಿ ತಪ್ಪಿಲ್ಲ, ಆ ಮಕ್ಕಳು ಕಷ್ಟಪಟ್ಟಿದ್ದಾರೆ. ನನ್ನ ಅಳಲು ಫ್ಲೆಕ್ಸಿನಲ್ಲಿ ಇಲ್ಲದವರ ಬಗ್ಗೆ. ಆಗಸ್ಟ್‌ನಲ್ಲಿ ಹೆಸರು ಬಿಡಿಸಲು, ಆಮೇಲೆ ಹತ್ತಿ, ಮೆಣಸಿನಕಾಯಿ ಬಿಡಿಸಲು ಅವ್ವನ ಜೊತೆ ಹೊಲಕ್ಕೆ ಹೋಗಿ, ರಾತ್ರಿ ಕೂತು ಬರೆದು, ಮನೆತನದಲ್ಲೇ ಮೊದಲ ಸಲ ಹತ್ತನೆಯದು ದಾಟಿದ ಹುಡುಗಿಯ ಸಾಧನೆ ಯಾವ ಲೆಕ್ಕದಲ್ಲಿ ಕಡಿಮೆ? 2024ರಲ್ಲಿ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳ ಅವಕಾಶ ಬಂತು. ಮೊದಲನೆಯದರಲ್ಲಿ ಬಿದ್ದು, ಎರಡನೆಯದರಲ್ಲಿ ಎದ್ದು ನಿಂತ ಹುಡುಗನನ್ನು ಪ್ರಾರ್ಥನೆಯ ವೇಳೆ ಕರೆದು ಚಪ್ಪಾಳೆ ಹೊಡೆಸಿದ ಶಾಲೆ ಯಾವುದಾದರೂ ಇದ್ದರೆ, ಮಧ್ಯಾಹ್ನದ ಗೋಷ್ಠಿಯಲ್ಲಿ ಎದ್ದು ನಿಂತು ಹೇಳಿ. ನಾವೆಲ್ಲ ನಿಮಗೇ ಚಪ್ಪಾಳೆ ಹೊಡೆಯುತ್ತೇವೆ. ಫಲಿತಾಂಶದ ದಿನ ಬಿದ್ದವನ ಮನೆಗೆ ಒಬ್ಬ ಶಿಕ್ಷಕ ಹೋಗಿ ಕೂತು ಚಹಾ ಕುಡಿದು ಬಂದರೆ, ಅದರಿಂದ ಒಂದು ಜೀವ ಉಳಿಯಬಹುದು. ಪ್ರತಿವರ್ಷ ಆ ದಿನದ ಸುದ್ದಿಗಳನ್ನು ಓದುವ ನಿಮಗೆ ಇದಕ್ಕಿಂತ ಬಿಡಿಸಿ ಹೇಳಬೇಕಿಲ್ಲ.

ಅಂಕಪಟ್ಟಿಗೆ ಕಾಣದ ಜಾಣ್ಮೆಗೆ ಈ ನವಲಗುಂದದ್ದೇ ಜಮಖಾನೆಯನ್ನು ಉದಾಹರಣೆಯಾಗಿ ತೆಗೆದುಕೊಳ್ಳಿ. ಭೌಗೋಳಿಕ ಗುರುತಿನ ಮಾನ್ಯತೆ ಪಡೆದ ಈ ನೇಯ್ಗೆಯನ್ನು ಉಳಿಸಿಕೊಂಡು ಬಂದವರು ಇಲ್ಲಿಯ ಹೆಣ್ಣುಮಕ್ಕಳು. ಮಗ್ಗದ ಮನೆಯ ಹುಡುಗಿ ಯಾವ ಬಣ್ಣದ ನೂಲು ಎಷ್ಟು ಎಳೆ ಬಿಟ್ಟು ಬಂದರೆ ನವಿಲು ಮೂಡುತ್ತದೆ ಎಂದು ಕಣ್ಣಲ್ಲೇ ಎಣಿಸುತ್ತಾಳೆ. ಗಣಿತದ ತಾಸಿನಲ್ಲಿ ಅವಳು ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿರುತ್ತಾಳೆ. ಅವಳಿಗೆ ಸಮಮಿತಿ ಗೊತ್ತು ಎಂಬುದು ಅವಳ ಶಿಕ್ಷಕರಿಗೆ ಗೊತ್ತಿಲ್ಲ. ಒಂದು ದಿನ ಅವಳನ್ನೇ ಬೋರ್ಡಿನ ಬಳಿ ಕರೆದು ವಿನ್ಯಾಸ ಬಿಡಿಸಲು ಹೇಳಿ ನೋಡಿ.

ಮೆಚ್ಚುವಾಗಲೂ ಕೆಲವು ಎಚ್ಚರ ಬೇಕು. ಅಂಕಗಳನ್ನು ಕೆಳಗಿನಿಂದ ಮೇಲಕ್ಕೆ ಗಟ್ಟಿಯಾಗಿ ಓದುವ ರೂಢಿ ನಿಲ್ಲಬೇಕು, ಅದು ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಹೇಳುವ ಮಾನಸಿಕ ಕಿರುಕುಳವೇ. ಮಕ್ಕಳ ಫೋಟೊ, ತಂದೆಯ ಹೆಸರು, ಊರು, ಫೋನ್ ಸಂಖ್ಯೆ ಎಲ್ಲವನ್ನೂ ಒಟ್ಟಿಗೆ ವಾಟ್ಸಾಪ್‌ನಲ್ಲಿ ಹರಿಬಿಡುವುದು ಬೇಡ. ನೊಂದ ಮಗುವಿನ ಗುರುತನ್ನಂತೂ ಬಾಯಿತಪ್ಪಿಯೂ ಹೊರಹಾಕುವಂತಿಲ್ಲ, ಯಾವುದೇ ಮಾಧ್ಯಮದಲ್ಲಿ ಅದನ್ನು ಬಯಲು ಮಾಡುವುದನ್ನು ಪೋಕ್ಸೊ ಕಾಯ್ದೆಯ 23ನೇ ಕಲಂ ತಡೆಯುತ್ತದೆ.

ನಮ್ಮ ರಾಜ್ಯದಲ್ಲಿ 2001ರಲ್ಲೇ ಎಸ್‌ಡಿಎಂಸಿಗಳು ಬಂದವು, ಶಿಕ್ಷಣ ಹಕ್ಕು ಕಾಯ್ದೆಗಿಂತ ಎಷ್ಟೋ ವರ್ಷ ಮೊದಲು. ತಂದೆತಾಯಿಗಳಿಗೆ ಶಾಲೆಯಲ್ಲಿ ಅಧಿಕಾರದ ಜಾಗ ಕೊಟ್ಟ ಆ ವ್ಯವಸ್ಥೆ ಬರೀ ಕಟ್ಟಡದ ಬಿಲ್ಲಿಗೆ ಸಹಿ ಹಾಕುವುದಕ್ಕೆ ಸೀಮಿತವಾಗಬಾರದು. ಇಂದು ಸಂಜೆ ಹೊರಡುವ ಮುನ್ನ ಪ್ರತಿ ಶಾಲೆಯ ಮುಖ್ಯಶಿಕ್ಷಕರೂ ಅಧ್ಯಕ್ಷರೂ ಒಟ್ಟಿಗೆ ಕೂತು ಒಂದು ಹಾಳೆಯಲ್ಲಿ ಬರೆಯಬೇಕೆಂದು ಸಂಘಟಕರ ಮೂಲಕ ಕೋರುತ್ತೇನೆ. ನಮ್ಮ ಶಾಲೆಯ ದೊಡ್ಡವರು ಮಾಡಬಾರದ ಕೆಲಸಗಳು ಯಾವುವು? ಪೆಟ್ಟಿಗೆಯ ಕೀಲಿಕೈ ಯಾರ ಬಳಿ? ಈ ವರ್ಷ ಇನ್ನೂ ಒಮ್ಮೆಯೂ ಯಾವುದಕ್ಕೂ ಹೆಸರು ಕರೆಸಿಕೊಳ್ಳದ ಮಕ್ಕಳು ಯಾರು ಯಾರು? ಮೂರನೆಯ ಪ್ರಶ್ನೆಗೆ ಹಾಜರಿ ಪುಸ್ತಕ ಬೇಕಾಗುತ್ತದೆ. ಜೊತೆಗೆ ತಂದಿಲ್ಲದವರು ನಾಳೆ ಶಾಲೆಗೆ ಹೋಗಿ ಆ ಪಟ್ಟಿ ಮಾಡಿ, ಅದರ ಮೊದಲ ಹೆಸರನ್ನು ನಾಳೆಯ ಪ್ರಾರ್ಥನೆಯಲ್ಲೇ ಕರೆಯಿರಿ.