ಮೀನೆಣ್ಣೆ ಮಾತ್ರೆ ನುಂಗಿದರೆ ಮೈ ಇಳಿಯುತ್ತದೆಯೇ?

(ಸ್ವಸಹಾಯ ಸಂಘಗಳ ಒಕ್ಕೂಟದ ಮಾಸಿಕ ಸಭೆಯಲ್ಲಿ ನೀಡಿದ ಮಾಹಿತಿಯ ಬರಹರೂಪ)



ಕೆಲವು ಸಮಯದ ಹಿಂದೆ ನಾವು ಒಂದು ಸಂಘದ ಲೆಕ್ಕ ಪುಸ್ತಕ ನೋಡುತ್ತಿದ್ದೆವು. ಆಂತರಿಕ ಸಾಲದ ಪಟ್ಟಿಯಲ್ಲಿ ಒಬ್ಬ ಸದಸ್ಯೆಯ ಹೆಸರಿನ ಎದುರು 5,000 ರೂಪಾಯಿ, ಉದ್ದೇಶ ‘ಮನೆ ಖರ್ಚು’ ಎಂದು ಬರೆದಿತ್ತು. ಮನೆ ಖರ್ಚು ಅಂದರೆ ಎಂಥದ್ದು, ಮಕ್ಕಳ ಫೀಸಾ, ಆಸ್ಪತ್ರೆಯಾ ಎಂದು ಕೇಳಿದೆವು. ಆ ಅಕ್ಕ ಉತ್ತರ ಕೊಡದೆ ಸುಮ್ಮನೆ ನಕ್ಕರು. ಸಭೆ ಮುಗಿದು ಎಲ್ಲರೂ ಚಾಪೆ ಮಡಚುವಾಗ ಪಕ್ಕಕ್ಕೆ ಕರೆದು ಹೇಳಿದರು: “ಮೀನೆಣ್ಣೆ ಮಾತ್ರೆ ತಗೊಂಡದ್ದು. ಮೈ ಇಳಿಸ್ಲಿಕ್ಕೆ. ಮನೆಯಲ್ಲಿ ಗೊತ್ತಿಲ್ಲ.”

ಒಂದು ಬಾಟಲಿಗೆ 1,450 ರೂಪಾಯಿ. ಮೂರು ತಿಂಗಳ ‘ಕೋರ್ಸ್’ ಎಂದು ಮೂರು ಬಾಟಲಿ. ಉಳಿದ 650 ರೂಪಾಯಿ ಆ ಮಾತ್ರೆ ಮಾರುವ ಸರಪಳಿಗೆ ಸೇರುವುದಕ್ಕೆ. ದಿನಕ್ಕೆ ಎರಡರಂತೆ ಒಂದು ದಿನವೂ ತಪ್ಪಿಸದೆ ನುಂಗಿದರು. ಶುರು ಮಾಡುವಾಗ 71 ಕಿಲೋ ಇದ್ದವರು ಮೂರು ತಿಂಗಳ ಮೇಲೆ ತೂಗಿದರೆ 72 ಕಿಲೋ 500 ಗ್ರಾಂ. “ಮಾತ್ರೆ ಕೊಬ್ಬು ಕರಗಿಸ್ತದೆ ಅಂತ ಹೇಳಿದ್ರು. ಹಾಗಾಗಿ ಗೋಳಿಬಜೆಗೆಲ್ಲ ಬೇಡ ಅನ್ಲಿಲ್ಲ” ಎಂದರು. ಹೆಸರು ಹೇಳದೆ ಈ ವಿಷಯ ನಿಮಗೆಲ್ಲ ತಿಳಿಸಬಹುದು ಎಂದು ಅವರೇ ಒಪ್ಪಿದ್ದಾರೆ. ಅವರಿಗೆ ನಮ್ಮ ಧನ್ಯವಾದ.

ಮೀನೆಣ್ಣೆ ನಮ್ಮ ಕರಾವಳಿಯವರಿಗೆ ಹೊಸ ಸಂಗತಿ ಏನಲ್ಲ. ಮಳೆಗಾಲ ಕಳೆದು ಬರುವ ಕೊಬ್ಬಿದ ಬೂತಾಯಿಯನ್ನು ತವಾದ ಮೇಲೆ ಇಟ್ಟರೆ ಬೇರೆ ಎಣ್ಣೆಯೇ ಬೇಡ, ತನ್ನ ಎಣ್ಣೆಯಲ್ಲಿ ತಾನೇ ಬೇಯುತ್ತದೆ. ಕುಂದಾಪುರದ ಕಡೆ ಬೈಗೆ, ಕಾರವಾರದ ಕಡೆ ತಾರ್ಲೆ ಎನ್ನುವುದೂ ಇದೇ ಮೀನು. ಹಿಂದೆ ಮರದ ದೋಣಿಗೆ ಬಳಿಯುತ್ತಿದ್ದದ್ದು ಇದರ ಎಣ್ಣೆಯನ್ನೇ. ಉಳ್ಳಾಲ, ಮಲ್ಪೆ ಕಡೆಯವರಿಗೆ ಫಿಶ್‌ಮಿಲ್ಲಿನ ವಾಸನೆಯೂ ಗೊತ್ತು. ಅಲ್ಲಿ ಬೂತಾಯಿ ಬೇಯಿಸಿ ಹಿಂಡಿದ ಎಣ್ಣೆಯಲ್ಲಿ ಬಹುಪಾಲು ಸಾಕುವ ಮೀನು, ಸಿಗಡಿಗಳ ಆಹಾರಕ್ಕೂ ಬೇರೆ ಉದ್ಯಮಗಳಿಗೂ ಹೋಗುತ್ತದೆ. ಪ್ರಪಂಚದಲ್ಲಿ ಮಾತ್ರೆಗೆ ಹೋಗುವ ಮೀನೆಣ್ಣೆ ಹೆಚ್ಚಾಗಿ ದಕ್ಷಿಣ ಅಮೆರಿಕದ ಪೆರು ದೇಶದ ಕಡಲಿನ ಆಂಚೊವಿ ಎಂಬ ಸಣ್ಣ ಮೀನಿನದ್ದು. ಮನೆ ಬಾಗಿಲಲ್ಲಿ ಬೂತಾಯಿ ಬುಟ್ಟಿ ಬರುವ ಊರಿನವರು ಪೆರುವಿನ ಮೀನಿನ ಎಣ್ಣೆಗೆ ಸಂಘದ ಸಾಲ ತೆಗೆಯುವುದು ಅಂದರೆ ನಮಗೆ ಸ್ವಲ್ಪ ಸಂಕಟವೇ ಆಗುತ್ತದೆ.

ಈ ಎಣ್ಣೆಯಲ್ಲಿ ಒಮೆಗಾ-3 ಎಂಬ ಕೊಬ್ಬಿನಂಶ ಉಂಟು. ಅದರಲ್ಲಿ ಇಪಿಎ, ಡಿಎಚ್‌ಎ ಎಂದು ಎರಡು ಮುಖ್ಯ. ಮಿದುಳಿಗೆ, ಕಣ್ಣಿಗೆ, ಗರ್ಭದಲ್ಲಿರುವ ಮಗುವಿಗೆ ಬೇಕಾದದ್ದು, ಒಳ್ಳೆಯದೇ. 1970ರ ದಶಕದಲ್ಲಿ ಬ್ಯಾಂಗ್ ಮತ್ತು ಡೈರ್‌ಬರ್ಗ್ ಎಂಬ ಡೆನ್ಮಾರ್ಕಿನ ಇಬ್ಬರು ವೈದ್ಯರು ಗ್ರೀನ್‌ಲ್ಯಾಂಡಿನ ಮೂಲನಿವಾಸಿಗಳ ರಕ್ತ ಪರೀಕ್ಷೆ ಮಾಡಿದರು. ಮೀನು, ಸೀಲ್ ಮುಂತಾದ ಕಡಲಿನ ಆಹಾರವನ್ನೇ ತಿನ್ನುವ ಆ ಜನರಿಗೆ ಹೃದಯದ ಕಾಯಿಲೆ ಕಡಿಮೆ ಎಂದು ಬರೆದರು. ಮೀನೆಣ್ಣೆಗೆ ಹೆಸರು ಬಂದದ್ದು ಅಲ್ಲಿಂದ. ಆದರೆ ಅವರು ಮಾತಾಡಿದ್ದು ಹೃದಯದ ಬಗ್ಗೆ. ಮೈ ಇಳಿಯುವ ಮಾತು ಅದರಲ್ಲಿ ಇರಲಿಲ್ಲ. ಹೃದಯದ ವಿಷಯದಲ್ಲೂ ಮುಂದೆ ಅಮೆರಿಕದಲ್ಲಿ 25,871 ಜನರ ಮೇಲೆ ನಡೆದ ದೊಡ್ಡ ಪರೀಕ್ಷೆಯ ಫಲ 2018ರಲ್ಲಿ ಬಂತು. ದಿನಕ್ಕೆ ಒಂದು ಗ್ರಾಂ ಮಾತ್ರೆ ತೆಗೆದುಕೊಂಡವರಿಗೂ ತೆಗೆದುಕೊಳ್ಳದವರಿಗೂ ಹೃದಯಾಘಾತ, ಪಾರ್ಶ್ವವಾಯು ಎಲ್ಲ ಸೇರಿಸಿದ ಒಟ್ಟು ಲೆಕ್ಕದಲ್ಲಿ ದೊಡ್ಡ ವ್ಯತ್ಯಾಸ ಕಾಣಲಿಲ್ಲ.

ಹಾಗಾದರೆ ಮೈ ಇಳಿಯುವ ಮಾತು ಎಲ್ಲಿಂದ ಬಂತು? ಪೂರಾ ಸುಳ್ಳಿನಿಂದ ಬಂದದ್ದಲ್ಲ, ಅದನ್ನೂ ಹೇಳಬೇಕು. ಇಲಿಗಳಿಗೆ ಮೀನೆಣ್ಣೆ ತಿನ್ನಿಸಿದಾಗ ಕೊಬ್ಬು ಸೇರುವುದು ಕಡಿಮೆಯಾದದ್ದು ಉಂಟು. ಮನುಷ್ಯರ ಮೇಲೂ ಪರೀಕ್ಷೆ ಮಾಡಿದ್ದಾರೆ. ಆಸ್ಟ್ರೇಲಿಯಾದಲ್ಲಿ 2007ರಲ್ಲಿ ಪ್ರಕಟವಾದ ಒಂದರಲ್ಲಿ ದಿನಕ್ಕೆ 6 ಗ್ರಾಂ ಮೀನೆಣ್ಣೆ ತೆಗೆದುಕೊಂಡು, ವಾರಕ್ಕೆ ಮೂರು ದಿನ 45 ನಿಮಿಷ ಬಿರುಸಾಗಿ ನಡೆದವರ ಮೈಕೊಬ್ಬು 12 ವಾರದಲ್ಲಿ ಸ್ವಲ್ಪ ಇಳಿಯಿತು. ಆರು ಗ್ರಾಂ ಅಂದರೆ ನಮ್ಮ ಅಂಗಡಿಯಲ್ಲಿ ಸಿಗುವ ಮಾತ್ರೆ ಆರು. ನಡಿಗೆ ಬೇರೆ.

ಅದೇ ವರ್ಷ ಪ್ರಕಟವಾದ ಇನ್ನೊಂದು ಪರೀಕ್ಷೆ ಐಸ್‌ಲ್ಯಾಂಡ್, ಸ್ಪೇನ್, ಐರ್ಲೆಂಡ್ ದೇಶಗಳ 324 ಯುವಕ ಯುವತಿಯರದ್ದು. ಎಲ್ಲರಿಗೂ ಊಟ ಕಡಿಮೆ ಮಾಡಿಸಿದರು. ಕೆಲವರಿಗೆ ಊಟದಲ್ಲಿ ಮೀನು, ಕೆಲವರಿಗೆ ಮೀನೆಣ್ಣೆ ಮಾತ್ರೆ, ಕೆಲವರಿಗೆ ಎರಡೂ ಇಲ್ಲ. ನಾಲ್ಕು ವಾರದಲ್ಲಿ ಮೀನು ಅಥವಾ ಮಾತ್ರೆ ಸಿಕ್ಕಿದವರು ಉಳಿದವರಿಗಿಂತ ಸುಮಾರು ಒಂದು ಕಿಲೋ ಹೆಚ್ಚು ಇಳಿದರು. ಆದರೆ ಅವರು ಬರೆದ ತೀರ್ಮಾನ ಗಂಡಸರ ಬಗ್ಗೆ ಮಾತ್ರ! ಮಾತ್ರೆ ಮಾರಲು ಬರುವವರು ಹೆಂಗಸರ ಸಂಘಕ್ಕೇ ಬರುವುದು ನೋಡಿ. ಮತ್ತೆ ಅಲ್ಲಿ ಮೀನು ತಿಂದವರೂ ಮಾತ್ರೆ ನುಂಗಿದವರೂ ಹೆಚ್ಚುಕಡಿಮೆ ಒಂದೇ ರೀತಿ ಇಳಿದದ್ದು. ಆಮೇಲೆ ಇಂಥ ಹಲವು ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದವರಿಗೆ, ಮಾತ್ರೆಯಿಂದ ತೂಕ ಗಮನಿಸುವಷ್ಟು ಇಳಿಯುತ್ತದೆ ಎಂದು ಹೇಳಲು ಸಾಧ್ಯವಾಗಲಿಲ್ಲ.

ಇದನ್ನು ನಮ್ಮ ಜಮಾ-ಖರ್ಚಿನ ಪುಸ್ತಕದಂತೆ ನೋಡಿದರೆ ಸುಲಭ. ತಿಂದದ್ದು ಜಮಾ. ದುಡಿದದ್ದು, ನಡೆದದ್ದು, ಉಸಿರಾಡಿದ್ದು ಎಲ್ಲ ಖರ್ಚು. ಖರ್ಚಾಗದೆ ಉಳಿದದ್ದನ್ನು ದೇಹ ಬಿಸಾಡುವುದಿಲ್ಲ, ನಮ್ಮ ಹಾಗೆಯೇ ಉಳಿತಾಯ ಮಾಡುತ್ತದೆ. ಆ ಉಳಿತಾಯವೇ ಸೊಂಟ, ಹೊಟ್ಟೆಯ ಕೊಬ್ಬು. ಒಂದು ಕಿಲೋ ಮೈಕೊಬ್ಬು ಅಂದರೆ ಸುಮಾರು 7,700 ಕ್ಯಾಲೊರಿ ಉಳಿತಾಯ. ಮೀನೆಣ್ಣೆಯೂ ಎಣ್ಣೆಯೇ ಅಲ್ವಾ? ಒಂದು ಗ್ರಾಮಿಗೆ 9 ಕ್ಯಾಲೊರಿ, ತೆಂಗಿನೆಣ್ಣೆಯದ್ದೂ ಅಷ್ಟೇ. ಹಾಗಾಗಿ ಮಾತ್ರೆ ಬರುವುದು ಜಮಾ ಕಡೆಗೆ, ಖರ್ಚಿನ ಕಡೆಗಲ್ಲ. ತೀರಾ ಸಣ್ಣ ಜಮಾ, ಅದರಿಂದ ಯಾರೂ ದಪ್ಪ ಆಗುವುದಿಲ್ಲ. ಆದರೆ ‘ಮಾತ್ರೆ ಉಂಟಲ್ಲ’ ಎಂಬ ಧೈರ್ಯದಲ್ಲಿ ತಿಂದ ಗೋಳಿಬಜೆ ಸಣ್ಣ ಜಮಾ ಅಲ್ಲ.

ನಮ್ಮಲ್ಲಿ ಹೆಚ್ಚಿನವರಿಗೆ ತೊಂದರೆ ಇರುವುದು ಖರ್ಚಿನ ಕಡೆ. ಬೀಡಿ ಕಟ್ಟುವವರು ಬೆಳಿಗ್ಗೆ ಮೊರ ತೊಡೆಯ ಮೇಲಿಟ್ಟು ಕೂತರೆ ಮಧ್ಯಾಹ್ನದವರೆಗೆ ಏಳುವುದಿಲ್ಲ. ಬೆರಳಿಗೆ ಬಿಡುವಿಲ್ಲ, ಬೆನ್ನು ನೋವು, ಆದರೆ ಕಾಲಿಗೆ ಕೆಲಸವೇ ಇಲ್ಲ. ಹೊಲಿಗೆಯವರದ್ದೂ ಹಾಗೆಯೇ. ದಿನವಿಡೀ ದುಡಿದು ಸುಸ್ತಾದವಳಿಗೆ “ನೀನು ಕೆಲಸ ಮಾಡುವುದಿಲ್ಲ, ಅದಕ್ಕೇ ದಪ್ಪ” ಎಂದು ಮನೆಯವರು ಹೇಳುವುದು ಅನ್ಯಾಯದ ಮಾತು. ಅಂಥ ಮಾತು ಕೇಳಿ ನೊಂದವರೇ ಬೇಗ ಮಾತ್ರೆಯ ಬಲೆಗೆ ಬೀಳುವುದು ಎಂದು ನಮ್ಮ ಅನುಭವ. ಗಂಟೆಗೊಮ್ಮೆ ಎದ್ದು ಬಾವಿಕಟ್ಟೆಗೋ ಗೇಟಿನವರೆಗೋ ಹೋಗಿ ಬನ್ನಿ. ಕಟ್ಟಿದ ಬೀಡಿ ಕೊಡಲು ಬ್ರಾಂಚಿಗೆ ಹೋಗುವಾಗ ರಿಕ್ಷಾ ಬಿಟ್ಟು ಇಬ್ಬರು ಮೂವರು ಜೊತೆಯಾಗಿ ನಡೆಯಿರಿ, ಮಾತೂ ಆಗುತ್ತದೆ.

ಜಮಾ ಕಡೆ ಚಹಾ ಒಂದನ್ನೇ ನೋಡಿ. ದಿನಕ್ಕೆ ಮೂರು ಚಹಾ, ಒಂದೊಂದಕ್ಕೆ ಎರಡು ಸಣ್ಣ ಚಮಚ ಸಕ್ಕರೆ ಅಂದರೆ ಸಕ್ಕರೆಯಿಂದಲೇ ಸುಮಾರು 120 ಕ್ಯಾಲೊರಿ. ತಿಂಗಳಿಗೆ 3,600. ಒಂದು ದೊಡ್ಡ ಚಮಚ ಅಡುಗೆ ಎಣ್ಣೆಯೂ ಸುಮಾರು 120. ದೇಹದ ಲೆಕ್ಕ ನಮ್ಮ ಪುಸ್ತಕದಷ್ಟು ಸರಾಗವಾಗಿ ನಡೆಯುವುದಿಲ್ಲ, ಕಡಿಮೆ ತಿಂದರೆ ಅದೂ ಖರ್ಚು ಹಿಡಿಯುತ್ತದೆ. ಆದರೂ ದಾರಿ ಇದೇ. ಗಂಜಿ ಊಟ ಬಿಟ್ಟು ಉಪವಾಸ ಕೂರಬೇಡಿ. ಕುಚ್ಚಲಕ್ಕಿ ಅನ್ನ ಒಂದು ಸೌಟು ಕಡಿಮೆ ಮಾಡಿ, ಆ ಜಾಗಕ್ಕೆ ಬಸಳೆಯೋ ಅಲಸಂಡೆಯೋ ಪಲ್ಯ ಹಾಕಿಕೊಳ್ಳಿ. ಸಾರಿನ ಬೂತಾಯಿ ಎರಡು ತಿನ್ನಿ. ಮೀನಿನಲ್ಲಿ ಪ್ರೋಟೀನು ಉಂಟು, ಹೊಟ್ಟೆ ತುಂಬಿದ ಹಾಗೆ ಇರುತ್ತದೆ, ಬೇಗ ಹಸಿವಾಗುವುದಿಲ್ಲ. ಮಾತ್ರೆಯಲ್ಲಿ ಅದಿಲ್ಲ. ದೊಡ್ಡ ಮೀನು, ಅಂಜಲ್ ಆಗಬೇಕು ಅಂತ ಏನಿಲ್ಲ. ಬೂತಾಯಿ, ಬಂಗುಡೆಯೇ ಇದಕ್ಕೆ ಮೇಲು.

ದುಡ್ಡಿನ ಲೆಕ್ಕವನ್ನೂ ಆ ಅಕ್ಕನ ಜೊತೆ ಕೂತು ಮಾಡಿದೆವು. ಸಾಮಾನ್ಯವಾಗಿ 1,000 ಮಿಲಿಗ್ರಾಂ ಎಂದು ದೊಡ್ಡ ಅಕ್ಷರದಲ್ಲಿ ಬರೆದ ಮಾತ್ರೆಯಲ್ಲಿ ಇಪಿಎ 180, ಡಿಎಚ್‌ಎ 120, ಒಟ್ಟು 300 ಮಿಲಿಗ್ರಾಂ ಇರುತ್ತದೆ. ಉಳಿದದ್ದು ಬೇರೆ ಕೊಬ್ಬು. ಡಬ್ಬದ ಹಿಂಬದಿಯ ಸಣ್ಣ ಅಕ್ಷರ ಓದಿದರೆ ಗೊತ್ತಾಗುತ್ತದೆ. ದಿನಕ್ಕೆ ಎರಡರಂತೆ ತಿಂಗಳಿಗೆ 60 ಮಾತ್ರೆ, ಅಂದರೆ 18 ಗ್ರಾಂ. 100 ಗ್ರಾಂ ಬೂತಾಯಿ ಮಾಂಸದಲ್ಲಿ ಸುಮಾರು 1 ಗ್ರಾಂ ಇರುತ್ತದೆ, ಕೊಬ್ಬಿದ ಕಾಲದಲ್ಲಿ ಇನ್ನೂ ಹೆಚ್ಚು. ತಲೆ, ಮುಳ್ಳು, ಹೊಟ್ಟೆ ತೆಗೆದು ಲೆಕ್ಕ ಹಾಕಿದರೆ ತಿಂಗಳಿಗೆ ಒಬ್ಬರಿಗೆ ಮೂರು ಕಿಲೋ ಮೀನು. ಕಿಲೋಗೆ 200 ರೂಪಾಯಿ ಎಂದೇ ಹಿಡಿಯೋಣ, 600 ಆಯಿತು. ಬಾಟಲಿಗೆ 1,450. ಅಷ್ಟು ಮೀನು ತಿನ್ನಲೇಬೇಕು ಎಂದೂ ಇಲ್ಲ, ವಾರಕ್ಕೆ ಎರಡು ಸಲ ತಿಂದರೂ ಸಾಕು. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿ ಕಡಲಿಗಿಳಿಯದಿರುವಾಗ ಮೀನು ತುಟ್ಟಿ, ಆಗ ತಪ್ಪಿದರೆ ಏನೂ ಆಗುವುದಿಲ್ಲ. ಮೀನು ತಿನ್ನದ ಸಹೋದರಿಯರಿಗೆ ಅಗಸೆ ಬೀಜದ ಚಟ್ನಿಪುಡಿ ಉಂಟು. ಅದರ ಒಮೆಗಾ-3 ಬೇರೆ ಬಗೆಯದ್ದು, ದೇಹ ಅದರಲ್ಲಿ ಸ್ವಲ್ಪವನ್ನು ಮಾತ್ರ ಇಪಿಎ, ಡಿಎಚ್‌ಎ ಮಾಡಿಕೊಳ್ಳುತ್ತದೆ.

ಮೀನೆಣ್ಣೆ ಔಷಧವಾಗಿ ಬೇಕಾಗುವವರೂ ಇದ್ದಾರೆ. ರಕ್ತದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು ತೀರಾ ಏರಿದವರಿಗೆ ಡಾಕ್ಟರು ದೊಡ್ಡ ಪ್ರಮಾಣದಲ್ಲಿ ಬರೆದುಕೊಡುತ್ತಾರೆ. ಅಂಥವರು ನಮ್ಮ ಮಾತು ಕೇಳಿ ನಿಲ್ಲಿಸಬೇಡಿ. ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರು, ಹೃದಯದ ಬಡಿತ ಏರುಪೇರು ಇರುವವರು, ಆಪರೇಷನ್‌ಗೆ ದಿನ ಹಾಕಿಸಿಕೊಂಡವರು ಮಾತ್ರ ಡಾಕ್ಟರನ್ನು ಕೇಳದೆ ಮುಟ್ಟಲೇಬಾರದು. ಕಾಡ್ ಲಿವರ್ ಎಣ್ಣೆ ಎಂಬುದು ಮೀನಿನ ಪಿತ್ತಜನಕಾಂಗದ ಎಣ್ಣೆ, ಅದರಲ್ಲಿ ವಿಟಮಿನ್ ‘ಎ’ ಜಾಸ್ತಿ. ಗರ್ಭಿಣಿಯರಿಗೆ ಅದು ಬೇಡ, ಮಗುವಿಗೆ ತೊಂದರೆ.

ಈಗ ಆ ಅಕ್ಕನ ಉಳಿದ ಕಥೆ. ಸುಸ್ತು, ಕೂದಲು ಉದುರುವುದು, ಮಲಬದ್ಧತೆ, ಯಾವಾಗಲೂ ಚಳಿ ಎಂದು ಅವರು ಮಾತ್ರೆ ಮಾರಿದವರಿಗೆ ಹೇಳಿದ್ದರಂತೆ. “ದೇಹ ಶುದ್ಧವಾಗುವ ಲಕ್ಷಣ, ಮುಂದುವರಿಸಿ” ಎಂಬ ಉತ್ತರ ಬಂತು. ನಾವು ಒತ್ತಾಯ ಮಾಡಿ ರಕ್ತ ಪರೀಕ್ಷೆಗೆ ಕಳಿಸಿದೆವು. ಥೈರಾಯ್ಡ್ ಕಡಿಮೆ ಇತ್ತು. ಮೂರು ತಿಂಗಳು ಹಾಗೆಯೇ ಹೋಗಿತ್ತು. ಈಗ ಅದರ ಮಾತ್ರೆ ಬೆಳಿಗ್ಗೆ ಖಾಲಿ ಹೊಟ್ಟೆಗೆ ತೆಗೆದುಕೊಳ್ಳುತ್ತಿದ್ದಾರೆ, ಸುಸ್ತು ಕಡಿಮೆಯಾಗಿದೆ. ತೂಕ ಇನ್ನೂ 71ರ ಹತ್ತಿರವೇ ಉಂಟು, ಅದನ್ನು ಮುಚ್ಚಿಡುವುದಿಲ್ಲ. ಕಾರಣವಿಲ್ಲದೆ ತೂಕ ಏರುತ್ತಿದ್ದರೆ, ಮುಟ್ಟು ತಪ್ಪುತ್ತಿದ್ದರೆ ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ.

ಮಾರಿದವರೂ ನಮ್ಮ ಇನ್ನೊಂದು ಸಂಘದ ಸದಸ್ಯೆಯೇ. ಅವರನ್ನು ಬೈಯುವುದು ಬೇಡ. ಮಾರಾಟವಾಗದ ಒಂದು ಪೆಟ್ಟಿಗೆ ಅವರ ಮಂಚದ ಅಡಿಯಲ್ಲಿ ಉಂಟು, ಸಾಲ ಅವರದ್ದೂ ತೀರಿಲ್ಲ. ‘ಬೊಜ್ಜು ಕರಗಿಸುತ್ತದೆ’ ಎಂದು ಔಷಧದ ಜಾಹೀರಾತು ಕೊಡುವುದನ್ನು 1954ರ ಕಾನೂನೇ ತಡೆದಿದೆ. ಜನ ಸೇರಿಸಿದ್ದಕ್ಕೇ ಹಣ ಕೊಡುವ ಪಿರಮಿಡ್ ವ್ಯವಹಾರಕ್ಕೆ 2021ರ ನೇರ ಮಾರಾಟ ನಿಯಮಗಳಲ್ಲಿ ನಿಷೇಧ ಉಂಟು. ಅವರು ಬಿಲ್ಲು ತಂದರೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಲು ನಾವು ಜೊತೆಗಿರುತ್ತೇವೆ.

ಸಭೆಯಲ್ಲಿ ಒಬ್ಬರು ಎದ್ದು ಕೇಳಿದರು: “ನನ್ನ ಬಾಟಲಿಯಲ್ಲಿ ಅರ್ಧ ಉಳಿದುಂಟು. ದುಡ್ಡು ಕೊಟ್ಟದ್ದಲ್ವಾ, ಏನು ಮಾಡುವುದು?” ಒಂದು ಮಾತ್ರೆ ಕತ್ತರಿಸಿ ಮೂಸಿ ನೋಡಿ. ತಾಜಾ ಮೀನಿನ ವಾಸನೆ ಇದ್ದರೆ ಸರಿ, ಹಳಸಿದ ಎಣ್ಣೆಯ ಘಾಟು ಬಂದರೆ ಬಿಸಾಡಿ. ದಿನಾಂಕ ಮೀರಿಲ್ಲ, ನಿಮಗೆ ಬೇರೆ ಕಾಯಿಲೆ, ಔಷಧ ಇಲ್ಲ ಅಂತಾದರೆ ಊಟದ ಜೊತೆ ದಿನಕ್ಕೊಂದು ತೆಗೆದುಕೊಂಡು ಮುಗಿಸಿ, ಮೈ ಇಳಿಯುತ್ತದೆ ಎಂದು ಮಾತ್ರ ಕಾಯಬೇಡಿ. ಮುಂದಿನ ಸಭೆಗೆ ತೂಕದ ಯಂತ್ರ ನಾವು ತರುತ್ತೇವೆ. ಹೊಲಿಗೆಯ ಅಕ್ಕಂದಿರು ಟೇಪು ತನ್ನಿ, ಸೊಂಟದ ಅಳತೆ ಬರೆದಿಡೋಣ. ನಮ್ಮ ದೇಶದ ಹೆಂಗಸರಿಗೆ 80 ಸೆಂಟಿಮೀಟರ್ ದಾಟಬಾರದು ಎನ್ನುತ್ತಾರೆ. ಚಹಾ ಇರುತ್ತದೆ, ಸಕ್ಕರೆ ಬೇರೆ ಇಡುತ್ತೇವೆ.